ಬ್ಯಾಟರಿ ಸೋತಾಗ ದೋಣಿಯ ಎಂಜಿನ್: ಹಗ್ಗವೋ, ಎರಡನೇ ಬ್ಯಾಟರಿಯೋ, ಜಂಪ್ ಪ್ಯಾಕೋ?

ಶರಾವತಿಯಲ್ಲಿ ಇಳಿತ ಶುರುವಾದ ಮೇಲೆ ಎಂಜಿನ್ ನಿಂತ ದೋಣಿ ಇದ್ದಲ್ಲೇ ಇರುವುದಿಲ್ಲ. ನೀರು ಅದನ್ನು ಸದ್ದಿಲ್ಲದೆ ಅಳಿವೆಯ ಕಡೆಗೆ ಒಯ್ಯತೊಡಗುತ್ತದೆ. ಹೊನ್ನಾವರದ ಬಳಿ ಹೆದ್ದಾರಿಯ ಸೇತುವೆಯ ಕಂಬಗಳೂ ಕೊಂಕಣ ರೈಲ್ವೆಯ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆಯ ಕಂಬಗಳೂ ಸಾಲುಗಟ್ಟಿ ನಿಂತಿವೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ಬಂದ ಆರು ಜನರನ್ನು ಕೂರಿಸಿಕೊಂಡು ಹೋಗಿ, ಅರ್ಧ ಗಂಟೆ ಎಂಜಿನ್ ನಿಲ್ಲಿಸಿ, ಅವರ ಒತ್ತಾಯಕ್ಕೆ ಸ್ಪೀಕರಿನಲ್ಲಿ ಹಾಡು ಹಾಕಿ, ಹೊರಡುವ ಹೊತ್ತಿಗೆ ಚಾವಿ ತಿರುಗಿಸಿದರೆ ಎಂಜಿನ್ನಿನ ಒಳಗಿನಿಂದ ಬಂದದ್ದು ಒಂದೇ ಒಂದು ‘ಟಕ್’. ನಾನು ಗಾಬರಿಯಲ್ಲಿ ಚಾವಿಯನ್ನು ಮತ್ತೆ ಮತ್ತೆ ತಿರುಗಿಸುತ್ತಿದ್ದೆ. ಸ್ವಲ್ಪ ದೂರದಲ್ಲಿ ಪಾತಿದೋಣಿಯಲ್ಲಿ ಬಲೆ ಎಳೆಯುತ್ತಿದ್ದ ಹಿರಿಯರೊಬ್ಬರು, “ತಮಾ, ಮೊದ್ಲು ಲಂಗರು ಹಾಕು, ಚಾವಿ ಆಮೇಲೆ” ಎಂದು ಕೂಗಿದರು.

ಈ ಬರಹದ ಮೊದಲ ಸೂಚನೆಯೂ ಅದೇ ಆಗಿದೆ. ಮುಂದೆ ಹೇಳುವ ಎಲ್ಲ ದಾರಿಗಳಿಗೂ ಹತ್ತು ನಿಮಿಷದಿಂದ ಅರ್ಧ ಗಂಟೆಯವರೆಗೆ ಸಮಯ ಬೇಕು, ಮತ್ತು ಆ ಸಮಯವನ್ನು ಕೊಡುವುದು ಲಂಗರು ಮಾತ್ರ. ದೋಣಿ ನಿಂತಿದೆ, ಎಲ್ಲರೂ ಲೈಫ್ ಜಾಕೆಟ್ ತೊಟ್ಟಿದ್ದಾರೆ ಎಂಬುದು ಖಾತ್ರಿಯಾದ ಮೇಲೆಯೇ ಬ್ಯಾಟರಿಯ ಪೆಟ್ಟಿಗೆಯನ್ನು ತೆರೆಯಬೇಕು.

ಸೆಲ್ಫ್ (ಚಾವಿ ತಿರುಗಿಸಿದರೆ ಬ್ಯಾಟರಿಯ ಬಲದಿಂದ ಎಬ್ಬಿಸುವ ವ್ಯವಸ್ಥೆ) ಇರುವ ಎಂಜಿನ್‌ಗಳನ್ನು, ಅಂದರೆ ಹಿನ್ನೀರಿನ ಪ್ರವಾಸಿ ದೋಣಿಗಳಲ್ಲಿ ಮತ್ತು ರೆಸಾರ್ಟುಗಳ ದೋಣಿಗಳಲ್ಲಿ ಕಾಣುವ ಸುಮಾರು 25ರಿಂದ 60 ಅಶ್ವಶಕ್ತಿಯ ಔಟ್‌ಬೋರ್ಡ್‌ಗಳನ್ನು (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್‌ಗಳನ್ನು) ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೀಮೆಎಣ್ಣೆಯ ಓಬಿಎಂ (ಔಟ್‌ಬೋರ್ಡ್ ಮೋಟಾರು) ಕಟ್ಟಿಕೊಂಡು ಬೆಳಗಿನ ಜಾವ ಹಗ್ಗ ಎಳೆದು ಹೊರಡುವ ನಾಡದೋಣಿಯ ಮೀನುಗಾರರಿಗೆ ಬ್ಯಾಟರಿಯ ಗೋಜೇ ಇಲ್ಲದ ಕಾರಣ, ಅವರು ಇದನ್ನು ಓದಿ ನಕ್ಕರೆ ನನ್ನ ತಕರಾರಿಲ್ಲ.

ಸೋತದ್ದು ಬ್ಯಾಟರಿಯೇ, ತಂತಿಯೇ?

ಯಾವ ಪರಿಹಾರ ಎಂದು ಆಯ್ಕೆ ಮಾಡುವ ಮೊದಲು ರೋಗ ಯಾವುದು ಎಂದು ತಿಳಿಯಬೇಕು. ಏಕೆಂದರೆ ಬ್ಯಾಟರಿ ಸತ್ತಿದೆ ಎಂದು ನಾವು ತೀರ್ಮಾನಿಸುವ ಅನೇಕ ಸಂದರ್ಭಗಳಲ್ಲಿ ಬ್ಯಾಟರಿ ಚೆನ್ನಾಗಿಯೇ ಇದ್ದು, ಅದರ ಶಕ್ತಿ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟಾರಿನವರೆಗೆ ತಲುಪಿರುವುದಿಲ್ಲ. ಉಪ್ಪು ಗಾಳಿಯಲ್ಲಿ ಇದು ದಿನನಿತ್ಯದ ಕಥೆ. ಟರ್ಮಿನಲ್ಲಿನ ಮೇಲೆ ಬಿಳಿಯ ಪುಡಿ ಕೂರುತ್ತದೆ, ತಂತಿಯ ತುದಿಯಲ್ಲಿ ಹಸಿರು ಕಿಲುಬು ಹಿಡಿದು ಪ್ಲಾಸ್ಟಿಕ್ ಹೊದಿಕೆಯ ಒಳಗೆ ಅಂಗುಲಗಟ್ಟಲೆ ಹಬ್ಬುತ್ತದೆ.

ಇದರ ಲೆಕ್ಕ ಸರಳವಾಗಿದೆ. ಮಧ್ಯಮ ಗಾತ್ರದ ಎಂಜಿನ್ನಿನ ಸ್ಟಾರ್ಟರ್ 150 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಅಲ್ಲಿಯೇ 1.5 ವೋಲ್ಟ್ ಸೋರಿಹೋಗುತ್ತದೆ. ಅಂಥ ಎರಡು ಜೋಡಣೆಗಳಿದ್ದರೆ 3 ವೋಲ್ಟ್ ಹೋಗುತ್ತದೆ. ಹೊಸ ಬ್ಯಾಟರಿ ತಂದಿಟ್ಟರೂ ಮೋಟಾರು ತಿರುಗುವುದಿಲ್ಲ. ಅದೇ ಜೋಡಣೆಯ ಮೂಲಕ ದೀಪ, ಜಿಪಿಎಸ್, ಸ್ಪೀಕರ್ ಎಲ್ಲವೂ ಸರಿಯಾಗಿ ನಡೆಯುತ್ತವೆ, ಏಕೆಂದರೆ ಅವು ಎಳೆಯುವುದು ಒಂದೆರಡು ಆಂಪಿಯರ್ ಮಾತ್ರ. ದೀಪ ಉರಿಯುತ್ತಿದೆ ಎಂಬುದರಿಂದ ಸ್ಟಾರ್ಟರ್ ತಿರುಗಬೇಕು ಎಂದೇನೂ ಆಗುವುದಿಲ್ಲ.

ಕಿವಿ ಕೊಟ್ಟರೆ ಅರ್ಧ ಉತ್ತರ ಸಿಗುತ್ತದೆ. ಚಾವಿ ತಿರುಗಿಸಿದಾಗ ‘ಟಕಟಕಟಕ’ ಎಂದು ಬೇಗಬೇಗನೆ ಸದ್ದು ಬಂದು ದೀಪಗಳು ಮಂಕಾದರೆ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ ಎನ್ನಬಹುದು. ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾದರೆ ಜೋಡಣೆ, ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಅಥವಾ ಸ್ಟಾರ್ಟರ್ ಮೋಟಾರಿನ ಮೇಲೆ ಅನುಮಾನ ಪಡಬೇಕು. ಯಾವ ಸದ್ದೂ ಇಲ್ಲದಿದ್ದರೆ ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಫ್ಯೂಸ್ ಹೋಗಿದೆಯೇ, ಬ್ಯಾಟರಿ ಸ್ವಿಚ್ಚನ್ನು ಯಾರಾದರೂ ಆಫ್ ಮಾಡಿದ್ದಾರೆಯೇ ಎಂದು ನೋಡಬೇಕು. ಪ್ರವಾಸಿಗರ ಮಕ್ಕಳು ದೋಣಿಯಲ್ಲಿದ್ದರೆ ಈ ಕೊನೆಯದನ್ನು ಮೊದಲು ನೋಡುವುದು ಒಳ್ಳೆಯದು.

ಉಳಿದರ್ಧ ಉತ್ತರಕ್ಕೆ ಒಂದು ಸಣ್ಣ ಮಲ್ಟಿಮೀಟರ್ ಸಾಕು. ಕೆಲವು ಗಂಟೆ ಸುಮ್ಮನಿದ್ದ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ; 12.2 ಎಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಅದನ್ನು ನೆಚ್ಚಿಕೊಂಡು ಜೆಟ್ಟಿ ಬಿಡಬಾರದು. ಇದಕ್ಕಿಂತ ಮುಖ್ಯವಾದ ಪರೀಕ್ಷೆ ಎಂದರೆ ಚಾವಿ ತಿರುಗಿಸುತ್ತಿರುವಾಗಲೇ ಅಳೆಯುವುದು. ಬ್ಯಾಟರಿಯ ಸೀಸದ ಗುಬುಟಿನ ಮೇಲೆಯೇ ಮೀಟರಿನ ಮೊನೆ ಇಟ್ಟಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ. ಅದು 11 ಅಥವಾ 12ರಲ್ಲೇ ನಿಂತು ಮೋಟಾರು ತಿರುಗದಿದ್ದರೆ ದೋಷ ಬ್ಯಾಟರಿಯ ಆಚೆಗಿದೆ, ಮತ್ತು ಈ ಬರಹದ ಮುಂದಿನ ಆಯ್ಕೆಗಳಲ್ಲಿ ಹಗ್ಗವೊಂದನ್ನು ಬಿಟ್ಟರೆ ಮತ್ತಾವುದೂ ನಿಮಗೆ ನೆರವಾಗುವುದಿಲ್ಲ.

ಆ ಸಂಜೆ ನನ್ನ ದೋಣಿಯಲ್ಲಿ ಆದದ್ದು ಈ ಎರಡನೆಯದೇ. ಕಪ್ಪು ತಂತಿಯನ್ನು ಬಿಗಿದಿದ್ದದ್ದು ಕೈಯಲ್ಲೇ ತಿರುಗಿಸುವ ಎರಡು ಕಿವಿಯ ನಟ್ಟು. ಎಂಜಿನ್ನಿನ ನಡುಕಕ್ಕೆ ಅದು ಸಡಿಲಗೊಂಡು, ತಂತಿಯ ಬಳೆಯನ್ನು ಬೆರಳಿನಿಂದ ಅಲ್ಲಾಡಿಸುವಷ್ಟಾಗಿತ್ತು. ಟವೆಲಿನಿಂದ ಒರೆಸಿ, ಚಾಕುವಿನ ಹಿಂಬದಿಯಿಂದ ಕೆರೆದು, ಇಕ್ಕಳದಿಂದ ಬಿಗಿದ ಮೇಲೆ ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಮರುದಿನವೇ ಆ ನಟ್ಟುಗಳನ್ನು ಎಸೆದು, ಸ್ಪ್ಯಾನರಿನಿಂದ ಬಿಗಿಯುವ ಸ್ಟೀಲ್ ನಟ್ಟು ಮತ್ತು ಸ್ಪ್ರಿಂಗ್ ವಾಷರ್ ಹಾಕಿಸಿದೆ.

ಇನ್ನೂ ಉಸಿರಿರುವ ಬ್ಯಾಟರಿಯಿಂದ ಕೊನೆಯ ಯತ್ನ

ಬ್ಯಾಟರಿ ಪೂರ್ತಿ ಸತ್ತಿಲ್ಲ, ಮೋಟಾರು ನಿಧಾನವಾಗಿ ಮುಲುಕುತ್ತಿದೆ ಎಂದಾದರೆ ಬೇರೆ ದಾರಿಗೆ ಹೋಗುವ ಮೊದಲು ಇದ್ದುದನ್ನೇ ಜಾಣತನದಿಂದ ಬಳಸಬಹುದು. ಸೆಲ್ಫ್ ಹೊಡೆಯುವುದು ನಿಲ್ಲಿಸಿ, ದೀಪ, ಪಂಪು, ಸ್ಪೀಕರ್, ಫಿಶ್‌ಫೈಂಡರ್ ಎಲ್ಲವನ್ನೂ ಆರಿಸಿ, ಹತ್ತು ಹದಿನೈದು ನಿಮಿಷ ಬ್ಯಾಟರಿಯನ್ನು ಅದರ ಪಾಡಿಗೆ ಬಿಡಬೇಕು. ಈ ಹೊತ್ತಿನಲ್ಲಿ ಆಸಿಡ್ ಮತ್ತೆ ತಗಡುಗಳ ಒಳಗೆ ಹರಡಿಕೊಳ್ಳುವುದರಿಂದ ಒಂದೆರಡು ಪ್ರಯತ್ನಕ್ಕೆ ಸಾಕಾಗುವಷ್ಟು ಬಲ ಮರಳುತ್ತದೆ. ಅಷ್ಟರಲ್ಲಿ ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬನ್ನು ಗಟ್ಟಿಯಾಗುವವರೆಗೆ ಒತ್ತಿ, ಎಂಜಿನ್ ತಣ್ಣಗಿದ್ದರೆ ಚೋಕ್ ಎಳೆದು, ಟ್ಯಾಂಕಿನ ಗಾಳಿತಿರುಪು ತೆರೆದಿದೆಯೇ ಎಂದು ನೋಡಿಕೊಂಡರೆ, ಸಿಗುವ ನಾಲ್ಕೈದು ಸುತ್ತುಗಳಲ್ಲಿಯೇ ಎಂಜಿನ್ ಹತ್ತಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ಎರಡು ಪ್ರಯತ್ನಗಳ ನಡುವೆ ಕನಿಷ್ಠ ಹತ್ತು ಸೆಕೆಂಡು ಬಿಡಬೇಕು.

ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗೆ ಸೆಲ್ಫ್ ಅಳವಡಿಸಿಕೊಂಡವರಿಗೆ ಒಂದು ಮಾತು ಹೆಚ್ಚಿಗೆ ಇದೆ. ಅದನ್ನು ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವಂತೆಯೇ, ನಿಲ್ಲಿಸುವ ಮೊದಲೂ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಇದನ್ನು ಮರೆತರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಬ್ಯಾಟರಿಯ ಅರ್ಧ ಪ್ರಾಣ ಅದನ್ನು ಹೊರದೂಡುವುದರಲ್ಲೇ ಹೋಗುತ್ತದೆ.

ಹಗ್ಗ: ಅಗ್ಗವಾದದ್ದು, ಆದರೆ ಎಲ್ಲರಿಗೂ ಅಲ್ಲ

ಹಗ್ಗದಿಂದ ಎಬ್ಬಿಸಬಹುದೇ ಎಂಬುದನ್ನು ಎರಡು ವಿಷಯಗಳು ನಿರ್ಧರಿಸುತ್ತವೆ: ಎಂಜಿನ್ನಿನ ಗಾತ್ರ ಮತ್ತು ಅದರೊಳಗೆ ಕಿಡಿ ಹಾಗೂ ಇಂಧನ ಬರುವ ರೀತಿ.

ಕಾರ್ಬುರೇಟರ್ ಇರುವ ಎಂಜಿನ್‌ಗಳಲ್ಲಿ, ಅದರಲ್ಲೂ ನಮ್ಮ ಕರಾವಳಿಗೆ ಚಿರಪರಿಚಿತವಾದ ಎರಡು ಸಿಲಿಂಡರಿನ ಟೂ ಸ್ಟ್ರೋಕ್‌ಗಳಲ್ಲಿ, ಕಿಡಿಗೆ ಬೇಕಾದ ವಿದ್ಯುತ್ತನ್ನು ಎಂಜಿನ್ನಿನ ಮೇಲ್ಭಾಗದಲ್ಲಿ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಒಳಗಿರುವ ಅಯಸ್ಕಾಂತ ಮತ್ತು ಸುರುಳಿಗಳೇ ಉತ್ಪಾದಿಸುತ್ತವೆ. ಬ್ಯಾಟರಿಯನ್ನು ಬಿಚ್ಚಿ ಜೆಟ್ಟಿಯ ಮೇಲಿಟ್ಟು ಹೋದರೂ ಅವು ಹಗ್ಗಕ್ಕೆ ಎದ್ದು ಓಡುತ್ತವೆ. ಫ್ಯೂಯಲ್ ಇಂಜೆಕ್ಷನ್ ಇರುವ ಎಂಜಿನ್‌ಗಳ ಸ್ಥಿತಿ ಬೇರೆ. ಅಲ್ಲಿ ಕಂಪ್ಯೂಟರ್, ಇಂಧನದ ಪಂಪು ಮತ್ತು ಇಂಜೆಕ್ಟರ್ ಮೂರಕ್ಕೂ ವಿದ್ಯುತ್ ಬೇಕು. ಸುಜುಕಿ 2012ರಲ್ಲಿ ತಂದ 15 ಮತ್ತು 20 ಅಶ್ವಶಕ್ತಿಯ ಎಂಜಿನ್‌ಗಳಂತೆ ಬ್ಯಾಟರಿಯೇ ಇಲ್ಲದೆ ಇಂಜೆಕ್ಷನ್ ನಡೆಸುವ ಮಾದರಿಗಳು ಇವೆ. ಆದರೆ ದೊಡ್ಡ ಎಂಜಿನ್‌ಗಳಲ್ಲಿ ಇದನ್ನು ನಿರೀಕ್ಷಿಸುವಂತಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಸ್ಟಾರ್ಟರನ್ನು ತಿರುಗಿಸಲಾರದ ಬ್ಯಾಟರಿಯಲ್ಲೂ ಕಂಪ್ಯೂಟರ್ ಮತ್ತು ಪಂಪನ್ನು ನಡೆಸುವಷ್ಟು ಶಕ್ತಿ ಉಳಿದಿರಬಹುದು. ಚಾವಿಯನ್ನು ಆನ್ ಮಾಡಿದಾಗ ಇಂಧನದ ಪಂಪು ಒಂದೆರಡು ಕ್ಷಣ ‘ಝುಂಯ್’ ಎನ್ನುವುದು ಕೇಳಿಸಿದರೆ ಹಗ್ಗಕ್ಕೆ ಇನ್ನೂ ಅವಕಾಶವಿದೆ. ಹೀಗಾಗಿ ಇಂಜೆಕ್ಷನ್ ಎಂಜಿನ್ ಇರುವವರು ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯನ್ನು ಕೊನೆಯ ಹನಿಯವರೆಗೆ ಹಿಂಡಬಾರದು. ಎರಡು ಪ್ರಯತ್ನಕ್ಕೆ ಏಳದಿದ್ದರೆ ಉಳಿದದ್ದನ್ನು ಹಗ್ಗಕ್ಕಾಗಿ ಕಾಯ್ದಿರಿಸಬೇಕು.

ಗಾತ್ರದ ವಿಚಾರದಲ್ಲಿ ನನ್ನ ಅನುಭವ ಹೀಗಿದೆ: 15 ಅಶ್ವಶಕ್ತಿಯವರೆಗೆ ಯಾರು ಬೇಕಾದರೂ ಎಳೆಯಬಹುದು, 25ಕ್ಕೆ ತಂತ್ರ ಗೊತ್ತಿರಬೇಕು, 40ಕ್ಕೆ ತಂತ್ರದ ಜೊತೆ ತೋಳಿನ ಬಲವೂ ನಿಲ್ಲಲು ಗಟ್ಟಿ ಜಾಗವೂ ಬೇಕು. ಅದರ ಮೇಲಿನ ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್‌ಗಳನ್ನು ಅಲುಗಾಡುವ ದೋಣಿಯಲ್ಲಿ ನಿಂತು ಎಳೆಯುವುದನ್ನು ಆಯ್ಕೆ ಎಂದು ನಾನು ಎಣಿಸುವುದಿಲ್ಲ.

ಸೆಲ್ಫ್ ಮಾದರಿಗಳಲ್ಲಿ ತಾನಾಗಿ ಸುತ್ತಿಕೊಳ್ಳುವ ಹಗ್ಗ ಇರದಿದ್ದಾಗ ತುರ್ತಿನ ಹಗ್ಗವನ್ನು ಬಳಸಬೇಕಾಗುತ್ತದೆ. ಮೇಲಿನ ಕವರನ್ನು ತೆಗೆದು, ಕೈಪಿಡಿಯಲ್ಲಿ ತೋರಿಸಿದಂತೆ ಫ್ಲೈವೀಲಿನ ಮೇಲಿನ ಮುಚ್ಚಳವನ್ನು ಬಿಚ್ಚಿದರೆ, ಅದರ ಅಂಚಿನಲ್ಲಿ ಒಂದು ಕಚ್ಚು ಕಾಣುತ್ತದೆ. ಹಗ್ಗದ ಗಂಟು ಹಾಕಿದ ತುದಿಯನ್ನು ಆ ಕಚ್ಚಿಗೆ ಸಿಕ್ಕಿಸಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಕೆಲವು ಸುತ್ತು ಸುತ್ತಬೇಕು. ಇನ್ನೊಂದು ತುದಿಗೆ ಮರದ ಹಿಡಿ ಕಟ್ಟಿರಬೇಕೇ ಹೊರತು ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಬೆರಳು ಉಳಿಯುವುದಿಲ್ಲ. ಮೊದಲು ನಿಧಾನವಾಗಿ ಎಳೆದು ಬಿಗಿ ತಾಗುವವರೆಗೆ ಬಂದು, ಅಲ್ಲಿಂದ ಒಮ್ಮೆಲೇ ಉದ್ದಕ್ಕೆ ಎಳೆಯುವುದೇ ತಂತ್ರ.

ಈ ದಾರಿಯ ಅಪಾಯಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಗೇರಿನಲ್ಲಿದ್ದರೆ ಎಂಜಿನ್ ಏಳದಂತೆ ತಡೆಯುವ ವ್ಯವಸ್ಥೆ ತುರ್ತಿನ ಹಗ್ಗದ ವಿಷಯದಲ್ಲಿ ಕೆಲಸ ಮಾಡುವುದಿಲ್ಲ; ಆದ್ದರಿಂದ ಹಿಡಿಕೆ ನ್ಯೂಟ್ರಲ್‌ನಲ್ಲಿದೆ ಎಂದು ಕಣ್ಣಾರೆ ನೋಡಿಯೇ ಎಳೆಯಬೇಕು. ಎಳೆಯುವವರ ಮೊಣಕೈ ಹಿಂದೆ ಕುಳಿತವರ ಮುಖಕ್ಕೆ ಬಡಿಯದಷ್ಟು ಜಾಗ ಬಿಡಿಸಬೇಕು. ಎದ್ದ ಮೇಲೆ ಫ್ಲೈವೀಲ್ ಬಯಲಾಗಿ ತಿರುಗುತ್ತಿರುತ್ತದೆ, ಆಗ ಅದರ ಮುಚ್ಚಳವನ್ನು ಮರಳಿ ಕೂರಿಸಲು ಹೋಗಬಾರದು. ಲುಂಗಿಯ ತುದಿ, ಹೆಗಲ ಮೇಲಿನ ಟವೆಲು, ಉದ್ದ ಕೂದಲು ಇವೆಲ್ಲ ಅದರಿಂದ ದೂರವಿರಬೇಕು. ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಮುಟ್ಟಬಾರದು. ಒಬ್ಬರು ಹಗ್ಗ ಎಳೆಯುವಾಗ ಇನ್ನೊಬ್ಬರು ಚಾವಿ ತಿರುಗಿಸಿ ‘ಕೈ ಜೋಡಿಸುವ’ ಪದ್ಧತಿಯನ್ನು ಕೆಲವು ಕಡೆ ಕಂಡಿದ್ದೇನೆ. ಬಯಲಾದ ಫ್ಲೈವೀಲಿಗೆ ಸುತ್ತಿದ ಹಗ್ಗದ ಜೊತೆ ಇದನ್ನು ಮಾಡುವುದು ಮೂರ್ಖತನವಾಗುತ್ತದೆ.

ಎರಡನೇ ಬ್ಯಾಟರಿ: ನನ್ನ ಒಲವು ಇದರ ಕಡೆಗೆ

ಎಂಜಿನ್ ಎಬ್ಬಿಸುವುದಕ್ಕೆ ನಿಜವಾಗಿ ಬೇಕಾಗುವ ಶಕ್ತಿ ಎಷ್ಟು ಕಡಿಮೆ ಎಂಬುದನ್ನು ತಿಳಿದರೆ ಎರಡನೇ ಬ್ಯಾಟರಿಯ ತರ್ಕ ಸ್ಪಷ್ಟವಾಗುತ್ತದೆ. 150 ಆಂಪಿಯರನ್ನು ಮೂರು ಸೆಕೆಂಡು ಎಳೆದರೆ ಖರ್ಚಾಗುವುದು ಒಂದು ಆಂಪಿಯರ್ ಅವರ್‌ನ (ಒಂದು ಆಂಪಿಯರನ್ನು ಒಂದು ಗಂಟೆ ಎಳೆದರೆ ಆಗುವ ಖರ್ಚಿನ) ಎಂಟನೇ ಒಂದು ಭಾಗ ಮಾತ್ರ. ಆದರೆ 5 ಆಂಪಿಯರ್ ತಿನ್ನುವ ಸ್ಪೀಕರ್ ಮತ್ತು ದೀಪಗಳು ಎರಡು ಗಂಟೆಯಲ್ಲಿ 10 ಆಂಪಿಯರ್ ಅವರ್ ಖಾಲಿ ಮಾಡುತ್ತವೆ, ಅಂದರೆ ಎಂಬತ್ತು ಸಲ ಎಂಜಿನ್ ಎಬ್ಬಿಸಬಹುದಾದಷ್ಟು. ಬ್ಯಾಟರಿಯನ್ನು ಬರಿದು ಮಾಡುವುದು ಸೆಲ್ಫ್ ಅಲ್ಲ, ನಡುವಿನ ಮೋಜು. ಆದ್ದರಿಂದ ಸ್ಟಾರ್ಟಿಗೆ ಒಂದು, ಉಳಿದ ಎಲ್ಲಕ್ಕೂ ಇನ್ನೊಂದು ಎಂದು ಬೇರ್ಪಡಿಸಿದರೆ ಸಮಸ್ಯೆ ಬಹುಮಟ್ಟಿಗೆ ಹುಟ್ಟುವುದೇ ಇಲ್ಲ, ಹುಟ್ಟಿದರೂ ಸ್ವಿಚ್ಚನ್ನು ತಿರುಗಿಸುವಷ್ಟರಲ್ಲಿ ಮುಗಿಯುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಸ್ವಿಚ್ಚಿನಲ್ಲಿ ನಾಲ್ಕು ಸ್ಥಾನಗಳಿರುತ್ತವೆ: ಒಂದು, ಎರಡು, ಎರಡೂ ಸೇರಿ, ಮತ್ತು ಆಫ್. ಇದನ್ನು ‘ಎರಡೂ ಸೇರಿ’ಯಲ್ಲೇ ಬಿಟ್ಟು ಮರೆಯುವವರೇ ಹೆಚ್ಚು; ಹಾಗೆ ಮಾಡಿದರೆ ಎರಡು ಬ್ಯಾಟರಿಗಳೂ ಒಟ್ಟಿಗೆ ಖಾಲಿಯಾಗಿ, ದುಡ್ಡು ಕೊಟ್ಟು ಎರಡು ಪಟ್ಟು ಭಾರ ಹೊತ್ತದ್ದಷ್ಟೇ ಲಾಭವಾಗುತ್ತದೆ. ಎಂಜಿನ್ ಓಡುತ್ತಿರುವಾಗ ಸ್ವಿಚ್ಚನ್ನು ಆಫ್ ಸ್ಥಾನದ ಮೂಲಕ ಹಾಯಿಸಿದರೆ ಚಾರ್ಜಿಂಗ್ ವ್ಯವಸ್ಥೆಯ ಡಯೋಡುಗಳು ಸುಟ್ಟುಹೋಗುವ ಅಪಾಯವಿದೆ. ಈ ಮರೆವಿಗೆ ಮದ್ದೆಂದರೆ ವೋಲ್ಟೇಜನ್ನು ನೋಡಿ ತಾನಾಗಿ ಕೆಲಸ ಮಾಡುವ ರಿಲೇ. ಸ್ಟಾರ್ಟಿಂಗ್ ಬ್ಯಾಟರಿ ಚಾರ್ಜಾಗುತ್ತಾ ಸುಮಾರು 13.3 ವೋಲ್ಟ್ ಮುಟ್ಟಿದಾಗ ಅದು ಎರಡನ್ನೂ ಜೋಡಿಸಿ, 12.8ರ ಆಸುಪಾಸಿಗೆ ಇಳಿದಾಗ ಬೇರ್ಪಡಿಸುತ್ತದೆ.

ಎರಡು 12 ವೋಲ್ಟಿನ ಬ್ಯಾಟರಿಗಳನ್ನು ಸೇರಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿದರೆ ವೋಲ್ಟೇಜ್ 12ರಲ್ಲೇ ಉಳಿಯುತ್ತದೆ. ಒಂದರ ಕೆಂಪನ್ನು ಇನ್ನೊಂದರ ಕಪ್ಪಿಗೆ ಸೇರಿಸಿ ಸರಪಳಿ ಮಾಡಿದರೆ 24 ವೋಲ್ಟ್ ಆಗಿ ಎಂಜಿನ್ನಿನ ಎಲೆಕ್ಟ್ರಾನಿಕ್ಸ್ ಕ್ಷಣಾರ್ಧದಲ್ಲಿ ಹಾಳಾಗುತ್ತದೆ. ಇದು ಪಾಠದಂತೆ ಕೇಳಿಸಬಹುದು, ಆದರೆ ಕತ್ತಲಲ್ಲಿ, ಅವಸರದಲ್ಲಿ, ಎರಡೂ ತಂತಿಗಳ ಬಣ್ಣ ಮಾಸಿರುವಾಗ ತಪ್ಪು ಸುಲಭವಾಗಿ ಆಗುತ್ತದೆ. ತಂತಿಗಳಿಗೆ ಬಣ್ಣದ ಟೇಪು ಸುತ್ತುವುದಕ್ಕೆ ಐದು ನಿಮಿಷ ಸಾಕು.

ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಯನ್ನು ದೋಣಿಗೆ ತಂದಿಡಬಹುದೇ ಎಂದು ಆಗಾಗ ಕೇಳುತ್ತಾರೆ. ಅದು ದೀಪ, ಪಂಪುಗಳಿಗೆ ನಿಧಾನವಾಗಿ ಕೊಡಲು ಮಾಡಿದ್ದು. ಒಮ್ಮೆಲೇ ದೊಡ್ಡ ಪ್ರವಾಹ ಕೊಡುವುದು ಅದರ ಗುಣವಲ್ಲ. ಮೇಲಾಗಿ ಅದರ ಭಾರವನ್ನು ಹಿಂಭಾಗದಲ್ಲಿಟ್ಟರೆ ಸಣ್ಣ ದೋಣಿಯ ಮೂತಿ ಮೇಲೇಳುತ್ತದೆ. ಸ್ಟಾರ್ಟಿಗೆ ಎಂಜಿನ್ ಕೈಪಿಡಿ ಹೇಳಿದ ಸಾಮರ್ಥ್ಯದ ಬ್ಯಾಟರಿಯನ್ನೇ ಕೊಳ್ಳಬೇಕು. ಕೊಳ್ಳುವಾಗ ಅದರ ಮೇಲೆ ಬರೆದಿರುವ ಕೋಲ್ಡ್ ಕ್ರ್ಯಾಂಕಿಂಗ್ ಅಂಕಿ ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡು ಕೊಡಬಲ್ಲ ಪ್ರವಾಹವನ್ನು ಹೇಳುತ್ತದೆ ಎಂಬುದು ನೆನಪಿರಲಿ. ಹೊನ್ನಾವರದಲ್ಲಿ ಆ ಚಳಿ ಯಾರಿಗೂ ಬರುವುದಿಲ್ಲ. ಇಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಸೆಕೆ, ಉಪ್ಪು ಮತ್ತು ನಡುಕ. ಆದ್ದರಿಂದ ದೊಡ್ಡ ಅಂಕಿಗೆ ಮರುಳಾಗುವುದಕ್ಕಿಂತ, ಅಲೆಯ ಹೊಡೆತಕ್ಕೆ ಆಸಿಡ್ ಚೆಲ್ಲದ ಎಜಿಎಂ ಬ್ಯಾಟರಿಗೆ ಸ್ವಲ್ಪ ಹೆಚ್ಚು ಕೊಡುವುದು ಲೇಸು. ಲಿಥಿಯಂ ಬ್ಯಾಟರಿ ಹಗುರವಾದರೂ ಅದರ ರಕ್ಷಣಾ ಸರ್ಕ್ಯೂಟ್ ಎಂಜಿನ್ ಓಡುವಾಗ ಹಠಾತ್ತನೆ ಕಡಿತಗೊಳಿಸಿದರೆ ಚಾರ್ಜಿಂಗ್ ವ್ಯವಸ್ಥೆಗೆ ಪೆಟ್ಟು ಬೀಳಬಹುದು. ಎಂಜಿನ್ ತಯಾರಕರು ಒಪ್ಪಿದ್ದರೆ ಮಾತ್ರ ಆ ದಾರಿ ಹಿಡಿಯಬೇಕು.

ಪಕ್ಕದ ದೋಣಿಯಿಂದ ಜಂಪರ್

ಜಂಪರ್ ಎಂದರೆ ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ವಿದ್ಯುತ್ ಒಯ್ಯುವ ದಪ್ಪ ತಂತಿಯ ಜೋಡಿ. ಇದು ಅದೃಷ್ಟವನ್ನು ನಂಬಿದ ಆಯ್ಕೆ. ಇನ್ನೊಂದು ದೋಣಿ ಹತ್ತಿರವಿರಬೇಕು, ನೀರು ಶಾಂತವಾಗಿರಬೇಕು, ಮತ್ತು ತಂತಿ ನಿಜವಾದ ತಂತಿಯಾಗಿರಬೇಕು. ಪೇಟೆಯಲ್ಲಿ ಸಿಗುವ ಅಗ್ಗದ ಜಂಪರ್‌ಗಳಲ್ಲಿ ದಪ್ಪವಾಗಿರುವುದು ಪ್ಲಾಸ್ಟಿಕ್ ಮಾತ್ರ. ಮೂರು ಮೀಟರ್ ಉದ್ದದ ಜೋಡಿ ತಂತಿಯಲ್ಲಿ ಹೋಗಿ ಬರುವ ದೂರ ಆರು ಮೀಟರ್. ಒಳಗೆ 25 ಚದರ ಮಿಲಿಮೀಟರ್ ತಾಮ್ರವಿದ್ದರೆ 150 ಆಂಪಿಯರಿಗೆ ಸುಮಾರು 0.6 ವೋಲ್ಟ್ ನಷ್ಟವಾಗುತ್ತದೆ. 6 ಚದರ ಮಿಲಿಮೀಟರ್ ಇದ್ದರೆ ಎರಡೂವರೆ ವೋಲ್ಟಿಗೂ ಹೆಚ್ಚು ಹೋಗುತ್ತದೆ. ಎರಡನೆಯದರಲ್ಲಿ ಎಂಜಿನ್ ಏಳುವುದಕ್ಕಿಂತ ತಂತಿ ಬಿಸಿಯಾಗುವುದೇ ಮೊದಲು.

ಜೋಡಿಸುವ ಮೊದಲು ಎರಡೂ ದೋಣಿಗಳಲ್ಲಿ ಬ್ಯಾಟರಿಯ ಮತ್ತು ಟ್ಯಾಂಕಿನ ಮುಚ್ಚಿದ ಜಾಗಗಳನ್ನು ತೆರೆದು ಗಾಳಿಯಾಡಲು ಬಿಡಬೇಕು. ಪೆಟ್ರೋಲಿನ ವಾಸನೆ ಇದ್ದರೆ ಕೆಲಸವನ್ನೇ ನಿಲ್ಲಿಸಬೇಕು. ಕೆಂಪು ತಂತಿಯನ್ನು ಎರಡೂ ಬ್ಯಾಟರಿಗಳ ಕೆಂಪಿಗೆ ಸಿಕ್ಕಿಸಿ, ಕಪ್ಪಿನ ಒಂದು ತುದಿಯನ್ನು ನೆರವಿನ ಬ್ಯಾಟರಿಗೂ ಕೊನೆಯ ತುದಿಯನ್ನು ಸೋತ ಬ್ಯಾಟರಿಗಲ್ಲ, ಅದರಿಂದ ದೂರದ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೂ ಸಿಕ್ಕಿಸಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದು ಸಹಜ, ಮತ್ತು ಬ್ಯಾಟರಿಯ ಬಳಿ ಹೈಡ್ರೋಜನ್ ಇರುವುದರಿಂದ ಆ ಕಿಡಿ ಅಲ್ಲಿ ಹಾರಬಾರದು. ಬಿಚ್ಚುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಬೇಕು. ಜೆಟ್ಟಿಯಲ್ಲಿದ್ದರೆ ಈ ಎಲ್ಲ ಗೊಡವೆಗಿಂತ ಇನ್ನೊಂದು ಬ್ಯಾಟರಿಯನ್ನೇ ತಂದು ಕೂರಿಸುವುದು ಸುಲಭ. ನಡುನೀರಿನಲ್ಲಿ ಆಸಿಡ್ ತುಂಬಿದ ಬ್ಯಾಟರಿಯನ್ನು ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟಿಸಲು ಹೋಗಬಾರದು.

ಜಂಪ್ ಪ್ಯಾಕ್

ಅಂಗೈ ಅಗಲದ, ಸುಮಾರು ಒಂದು ಕಿಲೋ ಅಥವಾ ಅದಕ್ಕೂ ಕಡಿಮೆ ತೂಗುವ ಲಿಥಿಯಂ ಜಂಪ್ ಪ್ಯಾಕ್ ಕಳೆದ ಕೆಲವು ವರ್ಷಗಳಲ್ಲಿ ಕಾರಿನವರಿಂದ ದೋಣಿಯವರ ಕೈಗೂ ಬಂದಿದೆ. ಒಳ್ಳೆಯದಾದರೆ ಅದು ನಿಜಕ್ಕೂ ಕೆಲಸ ಮಾಡುತ್ತದೆ. ತಂತಿ ಗಿಡ್ಡವಿರುವುದರಿಂದ ವೋಲ್ಟೇಜ್ ನಷ್ಟವೂ ಕಡಿಮೆ, ಉಲ್ಟಾ ಜೋಡಿಸಿದರೆ ತಾನೇ ತಡೆಯುವ ವ್ಯವಸ್ಥೆಯೂ ಹೆಚ್ಚಿನವುಗಳಲ್ಲಿದೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ‘ಪೀಕ್ ಆಂಪಿಯರ್’ ಕ್ಷಣಮಾತ್ರದ ಲೆಕ್ಕವಾದ್ದರಿಂದ, ಸಣ್ಣ ಅಕ್ಷರದಲ್ಲಿ ಕೊಟ್ಟಿರುವ ಸ್ಟಾರ್ಟಿಂಗ್ ಪ್ರವಾಹವನ್ನು ನೋಡಿ ಕೊಳ್ಳಬೇಕು. ಬ್ಯಾಟರಿ ತೀರಾ ಬರಿದಾಗಿದ್ದರೆ ಕೆಲವು ಪ್ಯಾಕ್‌ಗಳು ಎದುರಿಗೆ ಬ್ಯಾಟರಿ ಇದೆ ಎಂದೇ ಗುರುತಿಸುವುದಿಲ್ಲ; ಆಗ ಬಲವಂತವಾಗಿ ಪ್ರವಾಹ ಬಿಡುವ ಗುಂಡಿ ಬೇಕಾಗುತ್ತದೆ, ಮತ್ತು ಆ ಗುಂಡಿ ಒತ್ತಿದಾಗ ಉಲ್ಟಾ ಜೋಡಣೆಯ ರಕ್ಷಣೆ ಇರದಿರಬಹುದು.

ನನ್ನ ತಕರಾರು ಬೇರೆ. ಈ ಪ್ಯಾಕ್ ಎಂಬುದು ಸ್ವತಃ ಇನ್ನೊಂದು ಬ್ಯಾಟರಿ, ಅದನ್ನೂ ಯಾರಾದರೂ ನೆನಪಿಟ್ಟು ಚಾರ್ಜ್ ಮಾಡಬೇಕು. ಅದರಲ್ಲಿ ಮೊಬೈಲ್ ಚಾರ್ಜ್ ಮಾಡುವ ಕಿಂಡಿಯೂ ಇರುವುದರಿಂದ, ದೋಣಿಯ ಹುಡುಗರು ಅದನ್ನು ಮೊದಲ ವಾರದಲ್ಲೇ ಖಾಲಿ ಮಾಡಿ ಇಡುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಫೈಬರ್ ಡೆಕ್ಕಿನ ಕೆಳಗಿನ ಮುಚ್ಚಿದ ಪೆಟ್ಟಿಗೆ ಲಿಥಿಯಂಗೆ ಸರಿಯಾದ ಜಾಗವಲ್ಲ. ದಿನವೂ ಮನೆಗೆ ಒಯ್ದು ತರುವ ಶಿಸ್ತು ಇರುವವರಿಗೆ ಮಾತ್ರ ಇದು ಒಪ್ಪುತ್ತದೆ. ಎಂಜಿನ್ ಎದ್ದ ಕೂಡಲೇ, ಅರ್ಧ ನಿಮಿಷದೊಳಗೆ, ಅದರ ಕ್ಲಿಪ್ಪುಗಳನ್ನು ತೆಗೆಯಬೇಕು.

ಯಾರಿಗೆ ಯಾವುದು

ಕಾರ್ಬುರೇಟರ್ ಇರುವ, 40 ಅಶ್ವಶಕ್ತಿಯೊಳಗಿನ ಎಂಜಿನ್ನಿನವರು ಬೇರೇನೂ ಕೊಳ್ಳದೆ ತುರ್ತಿನ ಹಗ್ಗ, ಮುಚ್ಚಳ ಬಿಚ್ಚಲು ಬೇಕಾದ ಸ್ಪ್ಯಾನರ್ ಮತ್ತು ಒಂದು ಹುಟ್ಟು ಇಟ್ಟುಕೊಂಡರೆ ಸಾಕು. ಇಂಜೆಕ್ಷನ್ ಎಂಜಿನ್ನಿನವರು ಮತ್ತು 40ಕ್ಕಿಂತ ಮೇಲಿನವರು, ಅದರಲ್ಲೂ ಜನರನ್ನು ಕೂರಿಸಿಕೊಂಡು ಹೋಗುವವರು, ರಿಲೇ ಸಹಿತ ಎರಡನೇ ಬ್ಯಾಟರಿಯನ್ನು ಖರ್ಚು ಎಂದು ನೋಡಬಾರದು. ಜಂಪ್ ಪ್ಯಾಕನ್ನು ನಾನು ಒಬ್ಬರೇ ಗಾಳ ಹಾಕಲು ಹೋಗುವ, ಎರಡನೇ ಬ್ಯಾಟರಿಗೆ ಜಾಗವಿಲ್ಲದ ಸಣ್ಣ ದೋಣಿಗೆ ಸೂಚಿಸುತ್ತೇನೆ. ಜಂಪರ್ ತಂತಿ ಜೆಟ್ಟಿಯ ಶೆಡ್ಡಿನಲ್ಲಿ ಎಲ್ಲರಿಗೂ ಸೇರಿ ಒಂದು ಜೊತೆ ಇದ್ದರೆ ಆಯಿತು. ಸೋಲಾರ್ ಫಲಕ ಈ ಪಟ್ಟಿಗೆ ಸೇರುವುದಿಲ್ಲ. 20 ವ್ಯಾಟಿನ ಫಲಕ ಒಳ್ಳೆಯ ಬಿಸಿಲಿನಲ್ಲಿ ಕೊಡುವುದು ಒಂದು ಆಂಪಿಯರಿನ ಆಸುಪಾಸು. ಅರ್ಧ ಖಾಲಿಯಾದ 70 ಆಂಪಿಯರ್ ಅವರ್ ಬ್ಯಾಟರಿಗೆ ಅದು ಒಂದು ವಾರದ ಕೆಲಸ. ಆದರೆ ದೋಣಿ ದಿನಗಟ್ಟಲೆ ಸುಮ್ಮನೆ ನಿಂತಿರುವಾಗ ಬ್ಯಾಟರಿ ತಾನಾಗಿ ಇಳಿಯದಂತೆ ಕಾಯುವುದಕ್ಕೆ, ಕಂಟ್ರೋಲರ್ ಜೊತೆಯಲ್ಲಿದ್ದರೆ, ಅದಕ್ಕಿಂತ ಒಳ್ಳೆಯದಿಲ್ಲ.

ಎಂಜಿನ್ ಎದ್ದ ಮೇಲೆ

ಯಾವ ದಾರಿಯಿಂದಲೇ ಎದ್ದಿರಲಿ, ಜೆಟ್ಟಿ ಮುಟ್ಟುವವರೆಗೆ ಎಂಜಿನ್ ನಿಲ್ಲಿಸಬಾರದು. ಹತ್ತು ನಿಮಿಷ ಓಡಿದೆ, ಬ್ಯಾಟರಿ ತುಂಬಿರುತ್ತದೆ ಎಂದು ನಂಬಿ ಮತ್ತೆ ನಿಲ್ಲಿಸಿದವರನ್ನು ಎಳೆದು ತಂದದ್ದಿದೆ. ಅನೇಕ ಸಣ್ಣ ಔಟ್‌ಬೋರ್ಡ್‌ಗಳು ಪೂರ್ಣ ವೇಗದಲ್ಲಿಯೂ ಕೊಡುವುದು ಹತ್ತು ಆಂಪಿಯರಿನ ಆಸುಪಾಸು, ನಿಧಾನಗತಿಯಲ್ಲಿ ಅದರ ಒಂದು ಪಾಲು ಮಾತ್ರ. ಆಳವಾಗಿ ಇಳಿದ ಬ್ಯಾಟರಿಯನ್ನು ದಡದಲ್ಲಿ ಚಾರ್ಜರಿಗೆ ಇಡೀ ರಾತ್ರಿ ಹಾಕಬೇಕು, ಮರುದಿನ ಬೆಳಿಗ್ಗೆ ಚಾರ್ಜರ್ ಬಿಚ್ಚಿ ಕೆಲವು ಗಂಟೆ ಬಿಟ್ಟು ಅಳೆಯಬೇಕು, ಆಗಲೂ 12.4 ದಾಟದಿದ್ದರೆ ಅದನ್ನು ಬದಲಿಸಬೇಕು. ಟರ್ಮಿನಲ್ಲುಗಳನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚುವ ಕೆಲಸವನ್ನು ನಾನು ತಿಂಗಳ ಮೊದಲ ಭಾನುವಾರ ಮಾಡುತ್ತೇನೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ ಪ್ರವಾಸಿ ದೋಣಿಗಳೂ ಮಳೆಗೆ ಹೆದರಿ ದಡ ಸೇರಿರುತ್ತವೆ. ಎರಡು ಮೂರು ತಿಂಗಳು ದೋಣಿಯಲ್ಲೇ ಬಿಟ್ಟ ಬ್ಯಾಟರಿ ಸೆಪ್ಟೆಂಬರಿನ ಮೊದಲ ಸವಾರಿಗೆ ಕೈಕೊಡುವುದು ಸಹಜ. ಅದನ್ನು ಬಿಚ್ಚಿ ಮನೆಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡುವುದರ ಜೊತೆಗೆ, ಮಳೆಗಾಲ ಕಳೆದು ದೋಣಿ ನೀರಿಗಿಳಿದ ಮೊದಲ ದಿನ, ಜೆಟ್ಟಿಗೆ ಕಟ್ಟಿರುವಾಗಲೇ, ಬ್ಯಾಟರಿ ಚೆನ್ನಾಗಿದ್ದರೂ ಒಮ್ಮೆ ಹಗ್ಗದಿಂದಲೇ ಎಂಜಿನ್ ಎಬ್ಬಿಸಿ ನೋಡುವ ಅಭ್ಯಾಸ ನನ್ನದು. ಕಳೆದ ವರ್ಷ ಹಾಗೆ ನೋಡಲು ಹೋದಾಗ ಹಗ್ಗವಿದ್ದ ಡಬ್ಬಿಯನ್ನು ಇಲಿ ಕೊರೆದು, ಹಗ್ಗದ ಅರ್ಧವನ್ನು ಗೂಡಿಗೆ ಒಯ್ದಿತ್ತು.